ಕಾರಿನೊಳಗೆ ಒಂದು ಮೀಟರ್ ವಿನೈಲ್

ನಮ್ಮ ಕಾರಿನ ಒಳಗೆ ಎಲ್ಲಕ್ಕಿಂತ ಮೊದಲು ಹಾಳಾಗಿದ್ದು ಗೇರ್ ಸುತ್ತಲಿನ ಬೆಳ್ಳಿ ಬಣ್ಣದ ಚೌಕಟ್ಟು. ಕಾರಿಗೆ ಹತ್ತು ವರ್ಷ ದಾಟಿದೆ. ಇಂಜಿನ್ ಗಟ್ಟಿಯಾಗಿದೆ, ಎಸಿ ತಣ್ಣಗೆ ಬೀಸುತ್ತದೆ, ಸೀಟಿನ ಬಟ್ಟೆ ಕೂಡ ಹರಿದಿಲ್ಲ. ಆದರೆ ದಿನಾ ಕೈ ತಾಗುವ ಆ ಚೌಕಟ್ಟಿನ ಬಣ್ಣ ಎದ್ದು, ಒಳಗಿನ ಕಪ್ಪು ಪ್ಲಾಸ್ಟಿಕ್ ತೇಪೆ ತೇಪೆಯಾಗಿ ಕಾಣುತ್ತಿತ್ತು. ಬಾಗಿಲಿನ ಹಿಡಿಕೆಗಳದ್ದೂ ಅದೇ ಕಥೆ. ಮ್ಯೂಸಿಕ್ ಸಿಸ್ಟಮ್ ಸುತ್ತ ಇರುವ, ಕನ್ನಡಿಯಂತೆ ಹೊಳೆಯುವ ಪಿಯಾನೋ ಬ್ಲ್ಯಾಕ್ ಪ್ಯಾನೆಲ್ ತುಂಬ ಸಣ್ಣ ಸಣ್ಣ ಗೀರುಗಳು.

ಯಾರೋ ಒರಟಾಗಿ ಬಳಸಿದ್ದರಿಂದ ಹೀಗಾಗುವುದಲ್ಲ. ಕೈಯಲ್ಲಿ ಉಂಗುರ ಇರುತ್ತದೆ, ಬೆವರು ಇರುತ್ತದೆ. 2020ರ ನಂತರ ಸ್ಯಾನಿಟೈಸರ್ ಕೂಡ ಸೇರಿಕೊಂಡಿತು. ಅದು ಕೈಯಲ್ಲಿ ಆರುವ ಮೊದಲೇ ಗೇರ್ ಹಿಡಿದರೆ, ಅದರಲ್ಲಿರುವ ಆಲ್ಕೋಹಾಲ್ ಹಲವು ಬಗೆಯ ಪೇಂಟನ್ನು ಮೆತ್ತಗೆ ಮಾಡುತ್ತದೆ. ಪಿಯಾನೋ ಬ್ಲ್ಯಾಕ್‌ನ ಕಷ್ಟ ಬೇರೆ. ನಮ್ಮ ರಸ್ತೆಗಳ ಧೂಳಿನಲ್ಲಿ ನುಣ್ಣನೆಯ ಮರಳು ಇದ್ದೇ ಇರುತ್ತದೆ. ಒಣ ಬಟ್ಟೆ ತಗೊಂಡು ಒರೆಸಿದಷ್ಟೂ ಗೀರು ಬೀಳುತ್ತದೆ. ಕಾರನ್ನು ಅಚ್ಚುಕಟ್ಟಾಗಿ ಇಡುವವರ ಪ್ಯಾನೆಲ್ಲೇ ಬೇಗ ಮಂಕಾಗುತ್ತದೆ ಅನ್ನುವುದು ನಿಜಕ್ಕೂ ಬೇಜಾರಿನ ವಿಷಯ.

ಬಂಪರ್‌ಗೆ ಒಂದು ಗೀರು ಬಿದ್ದರೆ ಪೇಂಟರ್ ಹತ್ತಿರ ಓಡುತ್ತೇವೆ. ಒಳಗೆ, ನಾವೇ ದಿನಾ ಗಂಟೆಗಟ್ಟಲೆ ಕೂರುವ ಜಾಗದಲ್ಲಿ, ‘ಇರಲಿ ಬಿಡು’ ಅಂದುಬಿಡುತ್ತೇವೆ. ಹೊರಗಿನ ಬಣ್ಣ ಹೆಚ್ಚಾಗಿ ಬೇರೆಯವರ ಕಣ್ಣಿಗೆ ಬೀಳುವಂಥದ್ದು. ಒಳಗಿನದು ನಮ್ಮ ಕೈಗೆ, ನಮ್ಮ ಕಣ್ಣಿಗೆ. ನನಗಂತೂ ಒಳಗಿನದೇ ಮುಖ್ಯ ಅನ್ನಿಸುತ್ತದೆ.

ದಾರಿಗಳು ಹೆಚ್ಚಿರಲಿಲ್ಲ. ಹೊಸ ಪ್ಯಾನೆಲ್ ಕೇಳಿದರೆ ಚೌಕಟ್ಟು ಮಾತ್ರ ಸಿಗುವುದಿಲ್ಲ, ಇಡೀ ಕನ್ಸೋಲ್ ತಗೋಬೇಕು. ಸ್ಪ್ರೇ ಪೇಂಟ್ ಹೊಡೆಯಬಹುದು. ಆದರೆ ಧೂಳಿಲ್ಲದ ಕೋಣೆ ಬೇಕು, ಸರಿಯಾದ ಪ್ರೈಮರ್ ಬೇಕು, ಮನಸ್ಸು ಬದಲಾದರೆ ಹಿಂದಕ್ಕೆ ಹೋಗುವ ದಾರಿಯೂ ಇಲ್ಲ. ಉಳಿದಿದ್ದು ವಿನೈಲ್ ರ‍್ಯಾಪ್. ಅಂದರೆ ಹಿಂದೆ ಅಂಟು ಇರುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ಹೊದಿಸುವುದು. ನಮ್ಮ ಊರುಗಳಲ್ಲಿ ಬೈಕಿಗೆ, ಆಟೋಗೆ ಸ್ಟಿಕರ್ ಕತ್ತರಿಸಿ ಅಂಟಿಸುವ ರೇಡಿಯಂ ಅಂಗಡಿಗಳಿವೆಯಲ್ಲ, ಅದರ ಇನ್ನಷ್ಟು ನಾಜೂಕಾದ ರೂಪ ಇದು. ಅಂಟಿಸಬಹುದು, ಬೇಡ ಅಂದಾಗ ತೆಗೆಯಬಹುದು. ಜರ್ಮನಿಯಲ್ಲಿ ಟ್ಯಾಕ್ಸಿಗಳಿಗೆ ದಂತದ ಬಣ್ಣ ಗೊತ್ತುಮಾಡಿದ್ದರು. ಅಲ್ಲಿನ ಟ್ಯಾಕ್ಸಿ ಮಾಲೀಕರು ಬೇರೆ ಬಣ್ಣದ ಕಾರು ತಂದು, ಅದರ ಮೇಲೆ ಆ ಬಣ್ಣದ ಫಿಲ್ಮ್ ಹೊದಿಸುವುದುಂಟು. ಮಾರುವ ಕಾಲಕ್ಕೆ ಫಿಲ್ಮ್ ಸುಲಿದರೆ ಕೆಳಗೆ ಕಂಪನಿ ಪೇಂಟ್ ಹೊಸದರಂತೆ ಇರುತ್ತದೆ. ಈ ‘ವಾಪಸ್ ಹೋಗಬಹುದು’ ಅನ್ನುವ ಗುಣವೇ ನನಗೆ ವಿನೈಲ್‌ನಲ್ಲಿ ಹಿಡಿಸಿದ್ದು.

ಕಾರಿಗೆ ಫಿಲ್ಮ್ ಅಂದ ಕೂಡಲೇ ‘ಅದು ಕಾನೂನಿಗೆ ವಿರುದ್ಧ ಅಲ್ವಾ’ ಎಂದು ಕೇಳುವವರಿದ್ದಾರೆ. ಸುಪ್ರೀಂ ಕೋರ್ಟ್ 2012ರಲ್ಲಿ ಕೊಟ್ಟ ತೀರ್ಪು ಗಾಜಿನ ಮೇಲಿನ ಕಪ್ಪು ಫಿಲ್ಮ್‌ಗೆ ಸಂಬಂಧಿಸಿದ್ದು. ಹೊರಗಿನ ಬಾಡಿಯ ಬಣ್ಣ ಬದಲಿಸಿದರೆ ಆರ್‌ಸಿಯಲ್ಲಿ ಬರೆಸಬೇಕು. ಗೇರ್ ಸುತ್ತಲಿನ ಚೌಕಟ್ಟಿಗೆ ಏನು ಹೊದಿಸಿದರೂ ಈ ಎರಡೂ ತಟ್ಟುವುದಿಲ್ಲ.

ಈ ವಸ್ತುವಿನ ಹಿಂದಿನ ಕಥೆ ನನಗೆ ಬಹಳ ಇಷ್ಟ. ವಿನೈಲ್ ಅಂದರೆ ಪಿವಿಸಿ, ನಮ್ಮ ಮನೆಯ ನೀರಿನ ಪೈಪಿನ ಪಿವಿಸಿಯೇ. ಹಾಗೇ ಬಿಟ್ಟರೆ ಅದು ಗಡುಸು, ಬಗ್ಗಿಸಿದರೆ ಮುರಿಯುತ್ತದೆ. ಅಮೆರಿಕದ ಬಿ.ಎಫ್. ಗುಡ್‌ರಿಚ್ ಟೈರ್ ಕಂಪನಿಯಲ್ಲಿ ವಾಲ್ಡೋ ಸೆಮನ್ ಎಂಬ ರಸಾಯನ ವಿಜ್ಞಾನಿ ಇದ್ದರು. ರಬ್ಬರನ್ನು ಲೋಹಕ್ಕೆ ಅಂಟಿಸುವ ಗಮ್ಮು ಹುಡುಕುವುದು ಅವರ ಕೆಲಸ. 1926ರಲ್ಲಿ ಅವರು ಪಿವಿಸಿಯನ್ನು ದ್ರಾವಕದಲ್ಲಿ ಕಾಯಿಸಿ ನೋಡಿದರು. ಸಿಕ್ಕಿದ್ದು ಗಮ್ಮಲ್ಲ. ಬಗ್ಗುವ, ಎಳೆದರೆ ಹಿಗ್ಗುವ ಒಂದು ಹೊಸ ವಸ್ತು. ಅದಕ್ಕೂ ಒಂದು ವರ್ಷ ಮೊದಲು, 1925ರಲ್ಲಿ, 3ಎಂ ಕಂಪನಿಯ ರಿಚರ್ಡ್ ಡ್ರೂ ಮಾಸ್ಕಿಂಗ್ ಟೇಪ್ ಮಾಡಿದ್ದರು. ಅದು ಹುಟ್ಟಿದ್ದೂ ಕಾರಿಗಾಗಿಯೇ. ಆಗ ಕಾರುಗಳಿಗೆ ಎರಡು ಬಣ್ಣ ಹೊಡೆಯುವ ಫ್ಯಾಷನ್ ಇತ್ತು. ಎರಡು ಬಣ್ಣ ಸೇರುವ ಗೆರೆಯನ್ನು ನೇರವಾಗಿ ತರಲು ಪೇಂಟರ್‌ಗಳು ಒದ್ದಾಡುವುದನ್ನು ಡ್ರೂ ಕಣ್ಣಾರೆ ನೋಡಿದ್ದರು. ಒತ್ತಿದರೆ ಹಿಡಿಯುವ, ಎಳೆದರೆ ಬಿಡುವ ಅಂಟು ಒಂದು ಕಡೆ. ಬಗ್ಗುವ ಪಿವಿಸಿ ಇನ್ನೊಂದು ಕಡೆ. ನಾನು ಗೇರ್ ಚೌಕಟ್ಟಿಗೆ ಹೊದಿಸುವ ಹಾಳೆಯಲ್ಲಿ ಈ ಎರಡೂ ಸೇರಿವೆ.

ಆದರೆ ಎಲ್ಲ ವಿನೈಲ್ ಒಂದೇ ಅಲ್ಲ. ಅಂಗಡಿಗೆ ಹೋಗುವವರು ಇದೊಂದನ್ನು ತಿಳಿದುಕೊಂಡು ಹೋಗಲಿ ಅಂತ ನನ್ನ ಆಸೆ. ಕ್ಯಾಲೆಂಡರ್ಡ್ ಫಿಲ್ಮ್ ಮಾಡುವಾಗ ಬಿಸಿ ರೋಲರ್‌ಗಳ ನಡುವೆ ಪಿವಿಸಿಯನ್ನು ಒತ್ತಿ, ಎಳೆದು ಹಾಳೆ ಮಾಡುತ್ತಾರೆ. ಆ ಎಳೆತ ಹಾಳೆಯೊಳಗೇ ಉಳಿದಿರುತ್ತದೆ. ಬಿಸಿಲು ತಾಗಿದಾಗ ಅದು ಮತ್ತೆ ಕುಗ್ಗಲು ನೋಡುತ್ತದೆ. ಕಾಸ್ಟ್ ಫಿಲ್ಮ್ ಹಾಗಲ್ಲ. ದ್ರವವನ್ನು ಒಂದು ನಯವಾದ ಹಾಳೆಯ ಮೇಲೆ ತೆಳ್ಳಗೆ ಸುರಿದು ಒಲೆಯಲ್ಲಿ ಒಣಗಿಸುತ್ತಾರೆ. ಅದನ್ನು ಯಾರೂ ಎಳೆದಿರುವುದಿಲ್ಲ, ಹಾಗಾಗಿ ಕುಗ್ಗುವ ಹಟವೂ ಕಡಿಮೆ. ಸಮತಟ್ಟಾದ ಬೋರ್ಡಿಗೆ ಕ್ಯಾಲೆಂಡರ್ಡ್ ನಡೆಯುತ್ತದೆ. ಮೂಲೆ, ತಗ್ಗು, ತಿರುವು ಇರುವ ಕಾರಿನ ಪ್ಯಾನೆಲ್‌ಗೆ ಕಾಸ್ಟ್ ಫಿಲ್ಮೇ ಬೇಕು. ಬೆಲೆ ಜಾಸ್ತಿ, ನಿಜ. ಆದರೆ ಒಳಗಿನ ಕೆಲಸಕ್ಕೆ ಬೇಕಾಗುವುದು ಸ್ವಲ್ಪವೇ. ಈ ರೋಲ್‌ಗಳು ಸಾಮಾನ್ಯವಾಗಿ 60 ಇಂಚು ಅಗಲ ಬರುತ್ತವೆ. ಸಣ್ಣ ಕಾರಿನ ಒಳಗಿನ ಪಟ್ಟಿಗಳಿಗೆಲ್ಲ ಸೇರಿ ಒಂದು ಮೀಟರ್ ಉದ್ದ ಸಾಕು, ಚೂರು ಉಳಿಯುತ್ತದೆ ಕೂಡ. 3ಎಂ, ಏವರಿ ಡೆನಿಸನ್, ಒರಾಫೋಲ್ ಮೂರೂ ಕಾಸ್ಟ್ ಫಿಲ್ಮ್ ಮಾಡುತ್ತವೆ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಕೇಳಿದರೆ ರೋಲಿನಿಂದ ಕತ್ತರಿಸಿ ಕೊಡುವ ಅಂಗಡಿ ಸಿಗುತ್ತದೆ.

ಬಣ್ಣ ಆರಿಸುವಾಗ ನನ್ನ ಅಭಿಪ್ರಾಯ ಸ್ವಲ್ಪ ಗಟ್ಟಿ. ಒಳಗೆ ಹೊಳಪಿಲ್ಲದ ಮ್ಯಾಟ್ ಅಥವಾ ಮಂದ ಹೊಳಪಿನ ಸ್ಯಾಟಿನ್ ಮಾತ್ರ ಚೆಂದ. ಹೊಳೆಯುವ ಫಿಲ್ಮ್ ಹಾಕಿದರೆ ಮತ್ತೆ ಗೀರು, ಮತ್ತೆ ಬೆರಳಚ್ಚು. ಅದಕ್ಕಿಂತ ಮುಖ್ಯವಾಗಿ, ಡ್ಯಾಶ್‌ಬೋರ್ಡಿನ ಮೇಲ್ಭಾಗದಲ್ಲಿ ಹೊಳಪು ಇದ್ದರೆ ಅದು ಮುಂದಿನ ಗಾಜಿನಲ್ಲಿ ಪ್ರತಿಫಲಿಸುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ರಸ್ತೆಯ ಮೇಲೆ ಬಿಳಿ ಮಸುಕು ಕೂತಂತೆ ಕಾಣುತ್ತದೆ. ಅದು ಅಪಾಯ. ಕಾರ್ಬನ್ ಫೈಬರ್ ಡಿಸೈನ್ ನನಗೆ ಹಿಡಿಸುವುದಿಲ್ಲ. ಹಗುರವಾಗಿಯೂ ಗಟ್ಟಿಯಾಗಿಯೂ ಇರಬೇಕಾದ ಜಾಗಕ್ಕೆ ಅಂತ ಹುಟ್ಟಿದ ವಸ್ತು ಅದು. ಅದರ ಚಿತ್ರವನ್ನು ಕಪ್ ಹೋಲ್ಡರ್ ಸುತ್ತ ಅಂಟಿಸುವುದರಲ್ಲಿ ನನಗೆ ಅರ್ಥ ಕಾಣಲಿಲ್ಲ. ನಾನು ತಂದಿದ್ದು ಬೂದು ಕಲ್ಲಿನ ಬಣ್ಣದ ಸ್ಯಾಟಿನ್. ಕಪ್ಪು ಡ್ಯಾಶ್‌ಬೋರ್ಡ್ ಪಕ್ಕ ಅದು ತಣ್ಣಗೆ ಕೂರುತ್ತದೆ.

ಫಿಲ್ಮ್ ಕತ್ತರಿಸಿ ಕೊಟ್ಟವರು ‘ಬಿಡಿ ಸಾರ್, ಕಾರು ತನ್ನಿ, ಎರಡು ಗಂಟೇಲಿ ಮಾಡ್ಕೊಡ್ತೀವಿ’ ಎಂದರು. ಅವರ ಕೈಚಳಕ ನನಗಿಂತ ಎಷ್ಟೋ ಪಾಲು ಮೇಲು, ಅದರಲ್ಲಿ ಅನುಮಾನವಿಲ್ಲ. ಆದರೂ ಈ ಕೆಲಸ ಮನೆಯಲ್ಲೇ ಆಗಬೇಕು ಅನ್ನುವುದು ನನ್ನ ನಂಬಿಕೆ. ಕಾರಣ ಹಣವಲ್ಲ, ಸಮಯ. ಎರಡು ಗಂಟೆಯಲ್ಲಿ ಮುಗಿಸಬೇಕಾದರೆ ಪ್ಯಾನೆಲ್‌ಗಳನ್ನು ಬಿಚ್ಚಲು ಆಗುವುದಿಲ್ಲ. ಕಾರಿನಲ್ಲಿ ಇದ್ದ ಹಾಗೇ ಫಿಲ್ಮ್ ಅಂಟಿಸಿ, ಅಂಚಿನಲ್ಲಿ ಬ್ಲೇಡ್ ಓಡಿಸುತ್ತಾರೆ. ಅಂಚು ಮೇಲ್ಭಾಗದಲ್ಲೇ ನಿಲ್ಲುತ್ತದೆ. ನಿಂತ ಅಂಚಿಗೆ ಉಗುರು ತಾಗುತ್ತದೆ, ಬಟ್ಟೆ ಸಿಕ್ಕಿಕೊಳ್ಳುತ್ತದೆ, ಬೇಸಿಗೆಯಲ್ಲಿ ಅಲ್ಲಿಂದಲೇ ಏಳಲು ಶುರು. ಬ್ಲೇಡಿನ ಗೀರು ಕೆಳಗಿನ ಪ್ಲಾಸ್ಟಿಕ್ ಮೇಲೂ ಉಳಿಯಬಹುದು. ಮನೆಯಲ್ಲಾದರೆ ಒಂದು ಪ್ಯಾನೆಲ್ ಬಿಚ್ಚಿ ಊಟದ ಟೇಬಲ್ ಮೇಲೆ ಇಡಬಹುದು. ಬೇಜಾರಾದರೆ ನಾಳೆ ಮುಂದುವರಿಸಬಹುದು. ಶಾಲೆ ಶುರುವಾಗುವ ಜೂನ್‌ನಲ್ಲಿ ಹೊಸ ಪುಸ್ತಕಕ್ಕೆ ಬೈಂಡ್ ಹಾಕುವಾಗ ಕಾಗದವನ್ನು ಒಳಕ್ಕೆ ಮಡಚುತ್ತಿದ್ದೆವಲ್ಲ, ಹಾಗೆ ಫಿಲ್ಮಿನ ಅಂಚನ್ನು ಹಿಂಬದಿಗೆ ಮಡಚಿ ಕೂರಿಸಬಹುದು. ಆಗ ಏಳುವುದಕ್ಕೆ ಅಂಚೇ ಹೊರಗೆ ಇರುವುದಿಲ್ಲ.

ಬಿಚ್ಚುವ ಮೊದಲು ಯಾವುದನ್ನು ಮುಟ್ಟಬಾರದು ಅಂತ ತೀರ್ಮಾನಿಸಬೇಕು. ಇದನ್ನು ನಾನು ಒತ್ತಿ ಹೇಳುತ್ತೇನೆ. ಏರ್‌ಬ್ಯಾಗ್ ಎಂದು ಬರೆದಿರುವ ಯಾವ ಜಾಗಕ್ಕೂ ಫಿಲ್ಮ್ ಬೇಡ. ಸ್ಟೀರಿಂಗ್ ನಡುವಿನ ಮುಚ್ಚಳ, ಎಡಗಡೆ ಡ್ಯಾಶ್‌ಬೋರ್ಡಿನ ಮುಚ್ಚಳ, ಪಕ್ಕದ ಕಿಟಕಿಗಳಿಗೆ ಪರದೆಯಂತೆ ಇಳಿಯುವ ಕರ್ಟನ್ ಏರ್‌ಬ್ಯಾಗ್ ಇದ್ದರೆ ಕಿಟಕಿ ಪಕ್ಕದ ಕಂಬಗಳ ಮೇಲಿನ ಪ್ಲಾಸ್ಟಿಕ್, ಇವು ಯಾವುವೂ ಅಲಂಕಾರದ ಜಾಗಗಳಲ್ಲ. ಅಪಘಾತವಾದಾಗ ಏರ್‌ಬ್ಯಾಗ್ ಸೆಕೆಂಡಿನ ಇಪ್ಪತ್ತನೇ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ ಉಬ್ಬುತ್ತದೆ. ಮುಚ್ಚಳ ಗೊತ್ತಾದ ಗೆರೆಯಲ್ಲೇ ಹರಿಯಲಿ ಅಂತ ಅದರ ಹಿಂಬದಿಯಲ್ಲಿ ಪ್ಲಾಸ್ಟಿಕ್ಕನ್ನು ತೆಳ್ಳಗೆ ಮಾಡಿರುತ್ತಾರೆ. ಆ ಗೆರೆಯ ಮೇಲೆ ಹಿಗ್ಗುವ ಫಿಲ್ಮ್ ಹೊದಿಸಿದರೆ ಅದು ಹರಿಯುವ ರೀತಿಯೇ ಬದಲಾಗುತ್ತದೆ.

ಇಲ್ಲಿ ಗಣಪತಿಯ ವಿಷಯ ಬಂತು. ನಮ್ಮ ಕಡೆ ಬಹುಪಾಲು ಕಾರುಗಳ ಡ್ಯಾಶ್‌ಬೋರ್ಡ್ ಮೇಲೆ ಒಂದು ಪುಟ್ಟ ಮೂರ್ತಿ ಇರುತ್ತದೆ. ನಮ್ಮ ಕಾರಿನಲ್ಲಿ ಅಮ್ಮ ಕೂರಿಸಿದ ಗಣಪತಿ. ಡಬಲ್ ಸೈಡ್ ಟೇಪ್ ಹಾಕಿ, ಎಡಗಡೆ ಸೀಟಿನ ಎದುರಿಗೆ, ಸರಿಯಾಗಿ ಏರ್‌ಬ್ಯಾಗ್ ಮುಚ್ಚಳದ ಮೇಲೆ. ಅಮ್ಮ ಕೂರುವುದೂ ಆ ಸೀಟಿನಲ್ಲೇ. ಮುಚ್ಚಳ ಸಿಡಿದರೆ ಆ ಲೋಹದ ಮೂರ್ತಿ ನೇರ ಅವರ ಮುಖಕ್ಕೆ ಬರುತ್ತದೆ. ಇದನ್ನು ಅಮ್ಮನಿಗೆ ಹೇಗೆ ಹೇಳುವುದು ಅಂತ ಸ್ವಲ್ಪ ಹೊತ್ತು ಯೋಚಿಸಿದೆ. ಕಡೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಮ್ಮ ಮುಚ್ಚಳವನ್ನೊಮ್ಮೆ ಮುಟ್ಟಿ ನೋಡಿ, ‘ಇದ್ರೊಳಗೆ ಬಲೂನ್ ಇದೆ ಅಂತ ಇಷ್ಟು ದಿನ ಯಾಕೋ ಹೇಳ್ಲಿಲ್ಲ? ನಡೂಗೆ ಇಡೋಣ, ಅಲ್ಲಿಂದ ಇಬ್ರನ್ನೂ ನೋಡ್ಕೋತಾನೆ’ ಎಂದರು. ಸಂಕಷ್ಟಿ ದಿನ ಗಣಪತಿ ಜಾಗ ಬದಲಾಯಿಸಿದ. ಈಗ ಗೇರ್ ಮುಂದಿನ ತಗ್ಗಿನಲ್ಲಿ, ಮೊದಲಿಗಿಂತ ಚಿಕ್ಕ ಮೂರ್ತಿ, ಮೆತ್ತನೆಯ ರಬ್ಬರ್ ಪೀಠದ ಮೇಲೆ ಇದೆ. ಕಾರಿಗೆ ರ‍್ಯಾಪ್ ಹಾಕದಿದ್ದರೂ ಪರವಾಗಿಲ್ಲ, ಈ ಒಂದನ್ನು ಓದಿದವರೆಲ್ಲ ತಮ್ಮ ಕಾರಿನಲ್ಲಿ ನೋಡಿಕೊಳ್ಳಲಿ.

ಪ್ಯಾನೆಲ್ ಬಿಚ್ಚುವುದಕ್ಕೆ ಸ್ಕ್ರೂಡ್ರೈವರ್ ತುದಿ ತೂರಿಸಬಾರದು. ಪ್ಲಾಸ್ಟಿಕ್ಕಿನದೇ ಚಪ್ಪಟೆ ಪಟ್ಟಿಗಳ ಸೆಟ್ ಸಿಗುತ್ತದೆ, ಅದನ್ನು ಅಂಚಿನಲ್ಲಿ ತೂರಿಸಿ ಮೆಲ್ಲಗೆ ಮೀಟಬೇಕು. ಒಳಗೆ ಕ್ಲಿಪ್‌ಗಳಿರುತ್ತವೆ. ಒಂದೊಂದು ಕ್ಲಿಪ್ ಬಿಟ್ಟಾಗಲೂ ಟಕ್ ಅಂತ ಸದ್ದು. ಮೊದಲ ಸದ್ದಿಗೆ ಏನೋ ಮುರಿಯಿತು ಅಂತ ಎದೆ ಝಲ್ ಅನ್ನುತ್ತದೆ. ಆಮೇಲೆ ಕಿವಿಗೆ ವ್ಯತ್ಯಾಸ ತಿಳಿಯುತ್ತದೆ. ಹಳೆಯ ಪ್ಲಾಸ್ಟಿಕ್ ಗಡುಸಾಗಿರುವುದರಿಂದ ಚಳಿಯ ಬೆಳಗ್ಗೆ ಬಿಚ್ಚುವುದಕ್ಕಿಂತ ಕಾರು ಸ್ವಲ್ಪ ಬೆಚ್ಚಗಾದ ಮೇಲೆ ಬಿಚ್ಚುವುದು ಒಳ್ಳೆಯದು. ಸ್ವಿಚ್ ಇರುವ ಪ್ಯಾನೆಲ್ ಆದರೆ ಹಿಂದೆ ವೈರ್ ಇರುತ್ತದೆ, ಎಳೆದುಬಿಡಬಾರದು. ಬ್ಯಾಟರಿಯ ನೆಗೆಟಿವ್ ಕಳಚಿ ಸ್ವಲ್ಪ ಹೊತ್ತು ಬಿಟ್ಟು ಕೆಲಸಕ್ಕೆ ಇಳಿಯುವುದು ಕ್ಷೇಮ.

ಬಿಚ್ಚಿದ ಪ್ಯಾನೆಲನ್ನು ತಿರುಗಿಸಿದಾಗ ನನಗೆ ಆದ ಖುಷಿಯೇ ಬೇರೆ. ಹಿಂಬದಿಯಲ್ಲಿ ಅದರ ಜಾತಕವೇ ಇರುತ್ತದೆ. ಯಾವ ಪ್ಲಾಸ್ಟಿಕ್ ಅನ್ನುವುದನ್ನು ಎರಡು ಬಾಣದ ಗುರುತುಗಳ ನಡುವೆ ಅಚ್ಚು ಹಾಕಿರುತ್ತಾರೆ. ‘ಎಬಿಎಸ್’ ಎಂದಿದ್ದರೆ ಒಂದು ಬಗೆ. ‘ಪಿಪಿ-ಟಿ20’ ಎಂದಿದ್ದರೆ ಪಾಲಿಪ್ರೊಪಿಲೀನ್, ಅದರಲ್ಲಿ ನೂರಕ್ಕೆ 20 ಪಾಲು ಟಾಲ್ಕ್ ಪುಡಿ. ಇದು ಸುಮ್ನೆ ತಿಳಿದುಕೊಳ್ಳುವ ವಿಷಯವಲ್ಲ, ಕೆಲಸದ ಗತಿಯನ್ನೇ ನಿರ್ಧರಿಸುತ್ತದೆ. ಎಬಿಎಸ್ ಮೇಲೆ ಅಂಟು ಚೆನ್ನಾಗಿ ಹರಡಿ ಹಿಡಿಯುತ್ತದೆ. ಪಾಲಿಪ್ರೊಪಿಲೀನ್‌ನ ಮೇಲ್ಮೈ ಯಾವುದನ್ನೂ ಸುಲಭವಾಗಿ ಹತ್ತಿರ ಸೇರಿಸುವುದಿಲ್ಲ. ತೊಳೆದ ಪ್ಯಾನೆಲ್ ಮೇಲೆ ಒಂದು ಹನಿ ನೀರು ಹಾಕಿ ನೋಡಿ. ಗುಂಡಗೆ ನಿಂತರೆ ಅಂಟಿಗೂ ಅಲ್ಲಿ ಕಷ್ಟ ಅಂತ ತಿಳಿಯಬೇಕು. ಅಂಥ ಕಡೆ ಅಂಚುಗಳಿಗೆ, ಅಂಟು ಹಿಡಿಯಲು ನೆರವಾಗುವ ಪ್ರೈಮರ್ ತೆಳ್ಳಗೆ ಹಚ್ಚಬೇಕಾಗುತ್ತದೆ. 3ಎಂನ 94 ಅನ್ನುವ ಪ್ರೈಮರ್ ಈ ಕೆಲಸಕ್ಕೆ ಹೆಸರುವಾಸಿ. ಇನ್ನು ಚರ್ಮದ ಹಾಗೆ ತರಿತರಿಯಾಗಿರುವ ಪ್ಲಾಸ್ಟಿಕ್ ಮೇಲೆ ಅಂಟು ಉಬ್ಬುಗಳನ್ನು ಮಾತ್ರ ಮುಟ್ಟುತ್ತದೆ, ಕುಳಿಗಳಿಗೆ ಇಳಿಯುವುದಿಲ್ಲ. ಅದನ್ನು ಬಿಟ್ಟುಬಿಡುವುದೇ ವಾಸಿ. ನಾನು ಡ್ಯಾಶ್‌ಬೋರ್ಡಿನ ದೊಡ್ಡ ಭಾಗವನ್ನು ಮುಟ್ಟಲಿಲ್ಲ. ಗೇರ್ ಚೌಕಟ್ಟು, ಬಾಗಿಲ ಹಿಡಿಕೆಯ ಸುತ್ತಲಿನ ಪಟ್ಟಿಗಳು, ಮ್ಯೂಸಿಕ್ ಸಿಸ್ಟಮ್ ಸುತ್ತಲಿನ ಪ್ಯಾನೆಲ್, ಗ್ಲೋವ್ ಬಾಕ್ಸ್ ಮೇಲಿನ ಉದ್ದ ಪಟ್ಟಿ. ಇಷ್ಟೇ.

ಇನ್ನು ತೊಳೆಯುವ ಕೆಲಸ. ಒಟ್ಟು ಸಮಯದಲ್ಲಿ ದೊಡ್ಡ ಪಾಲು ಇದಕ್ಕೇ ಹೋಗುತ್ತದೆ, ಹೋಗಬೇಕು ಕೂಡ. ನಮ್ಮ ಕಾರುಗಳ ಒಳಗೆ ಏನೇನು ಅಂಟಿರುತ್ತದೆ ನೋಡಿ. ವರ್ಷವರ್ಷದ ಆಯುಧಪೂಜೆಯ ಅರಿಸಿನ, ಕುಂಕುಮ, ಗಂಧ. ಎಸಿ ಕಿಂಡಿಗೆ ಸಿಕ್ಕಿಸಿದ ಊದುಬತ್ತಿಯ ಎಣ್ಣೆಯಂಥ ಹೊಗೆ. ಮಕ್ಕಳ ಬಿಸ್ಕತ್ತಿನ ಸಕ್ಕರೆ. ಇವೆಲ್ಲ ಸೋಪಿನ ನೀರಿಗೆ, ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಬಗ್ಗುತ್ತವೆ. ಬಗ್ಗದಿರುವುದು ಡ್ಯಾಶ್‌ಬೋರ್ಡ್ ಪಾಲಿಶ್. ಕಾರು ಸರ್ವೀಸಿಗೆ ಬಿಟ್ಟಾಗಲೆಲ್ಲ ಮಿರಿಮಿರಿ ಮಿಂಚುವಂತೆ ಹೊಡೆದು ಕೊಡುವ ಆ ಸ್ಪ್ರೇಗಳಲ್ಲಿ ಹಲವಕ್ಕೆ ಸಿಲಿಕೋನ್ ಎಣ್ಣೆಯೇ ಆಧಾರ. ಯಾವುದೂ ಅಂಟಬಾರದು ಅನ್ನುವುದೇ ಸಿಲಿಕೋನ್‌ನ ಸ್ವಭಾವ. ಅದರ ತೆಳು ಪದರ ಉಳಿದರೂ ಫಿಲ್ಮ್ ಇವತ್ತು ಕೂತು ಮುಂದಿನ ತಿಂಗಳು ಏಳುತ್ತದೆ.

ಸೋಪಿನ ನೀರಿನ ನಂತರ ಐಸೊಪ್ರೊಪೈಲ್ ಆಲ್ಕೋಹಾಲ್. ಮೊಬೈಲ್ ರಿಪೇರಿಯವರು ಐಪಿಎ ಅಂತ ಕರೆಯುವುದು ಇದನ್ನೇ. ಒಂದು ಬಟ್ಟೆಯಿಂದ ಹಚ್ಚಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಆರಲು ಬಿಟ್ಟರೆ ಕರಗಿದ ಜಿಡ್ಡು ಅಲ್ಲೇ ಮತ್ತೆ ಕೂರುತ್ತದೆ. ಥಿನ್ನರ್ ಬೇಡವೇ ಬೇಡ, ಅದು ಎಬಿಎಸ್ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಐಪಿಎ ಬೇಗ ಬೆಂಕಿ ಹಿಡಿಯುವ ವಸ್ತು. ಬಾಟಲಿ ಮುಚ್ಚಿ ದೂರ ಇಟ್ಟ ಮೇಲೆಯೇ ಬಿಸಿಯ ಕೆಲಸ ಶುರುವಾಗಬೇಕು.

ಬಣ್ಣ ಎದ್ದಿರುವ ಚೌಕಟ್ಟಿಗೆ ಇನ್ನೊಂದು ಹಂತ ಇದೆ. ಅಂಟೂ ಸೇರಿದರೆ ಫಿಲ್ಮಿನ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಅಷ್ಟೇ. ಅದು ಕೆಳಗಿನದನ್ನು ಮುಚ್ಚುವುದಿಲ್ಲ, ತೋರಿಸುತ್ತದೆ. ಬಣ್ಣ ಇರುವ ಜಾಗಕ್ಕೂ ಇಲ್ಲದ ಜಾಗಕ್ಕೂ ನಡುವಿನ ಸಣ್ಣ ಮೆಟ್ಟಿಲು ಕೂಡ ಮೇಲೆ ಗೆರೆಯಾಗಿ ಕಾಣುತ್ತದೆ. ನೀರು ಹಾಕಿ ಉಜ್ಜುವ ಮರಳು ಕಾಗದ, ಅಂದರೆ ವಾಟರ್ ಪೇಪರ್ ಬೇಕು. ಮೊದಲು 400ರದ್ದು, ಆಮೇಲೆ ಇನ್ನೂ ನುಣ್ಣನೆಯ 800ರದ್ದು. ಕಣ್ಣು ಮುಚ್ಚಿ ಬೆರಳು ಆಡಿಸಿದಾಗ ಏರಿಳಿತ ತಿಳಿಯಬಾರದು, ಅಲ್ಲಿಯವರೆಗೆ ಉಜ್ಜಬೇಕು. ಈ ಉಜ್ಜುವ ಹೊತ್ತು ನನಗೆ ಬಹಳ ಹಿತವೆನಿಸಿತು. ರೇಡಿಯೋ ಹಾಕಿಕೊಂಡು ಬಾಲ್ಕನಿಯಲ್ಲಿ ಬಕೆಟ್ ಇಟ್ಟುಕೊಂಡು ಕೂತಿದ್ದೆ. ಕೈಗೆ ಕೆಲಸ, ತಲೆಗೆ ಬಿಡುವು.

ಉಡುಪಿಯಲ್ಲಿರುವ ಅಕ್ಕನ ಕಾರಿನ ಸಮಸ್ಯೆ ಬೇರೆಯದು. ಅವಳ ಕಾರಿನ ಸ್ವಿಚ್‌ಗಳು, ಬಾಗಿಲಿನ ಪಟ್ಟಿಗಳು ಮುಟ್ಟಿದರೆ ಬೆಲ್ಲದ ಪಾಕದಂತೆ ಕೈಗೆ ಅಂಟುತ್ತವೆ. ಹೊಸದರಲ್ಲಿ ಮಖಮಲ್ಲಿನಂತೆ ಇರುವ ಸಾಫ್ಟ್ ಟಚ್ ಲೇಪನ ಅದು. ಪಾಲಿಯುರಿಥೇನ್‌ನಿಂದ ಮಾಡಿದ್ದು. ವರ್ಷಗಟ್ಟಲೆ ಶಾಖ, ತೇವ ಎರಡೂ ಸೇರಿದರೆ ನೀರಿನ ಅಂಶ ಅದರ ಬಂಧಗಳನ್ನು ಬಿಡಿಸಿ ಅಂಟಂಟಾಗಿಸುತ್ತದೆ. ಕರಾವಳಿಯ ಹವೆಯಲ್ಲಿ ಇದು ಬೇಗ ಆಗುವುದರಲ್ಲಿ ಆಶ್ಚರ್ಯವಿಲ್ಲ. ‘ಇದರ ಮೇಲೇ ಸ್ಟಿಕರ್ ಹಾಕಿಬಿಡು ಮಾರಾಯ, ಮುಚ್ಚಿಹೋಗ್ತದೆ’ ಎಂದಳು ಅಕ್ಕ. ಮುಚ್ಚಿಹೋಗುವುದಿಲ್ಲ. ಫಿಲ್ಮಿನ ಅಂಟು ಆ ಕೊಳೆತ ಲೇಪನವನ್ನು ಹಿಡಿಯುತ್ತದೆಯೇ ಹೊರತು ಪ್ಲಾಸ್ಟಿಕ್ಕನ್ನಲ್ಲ. ಎರಡೂ ಒಟ್ಟಿಗೆ ಜಾರುತ್ತವೆ. ಐಪಿಎಯಲ್ಲಿ ನೆನೆಸಿದ ಬಟ್ಟೆಯಿಂದ ಆ ಲೇಪನವನ್ನು ಪೂರ್ತಿ ಉಜ್ಜಿ ತೆಗೆಯಬೇಕು, ಕೆಳಗಿನ ಗಟ್ಟಿ ಪ್ಲಾಸ್ಟಿಕ್ ಸಿಗುವವರೆಗೆ. ಬೇಸರದ ಕೆಲಸ. ಆದರೆ ಎಷ್ಟೋ ಸಲ ಅಷ್ಟಕ್ಕೇ ಪ್ಯಾನೆಲ್ ಚೆನ್ನಾಗಿ ಕಂಡು, ಫಿಲ್ಮೇ ಬೇಡವೆನಿಸುತ್ತದೆ.

ಅಂಟಿಸುವ ದಿನ ಫ್ಯಾನ್ ಆರಿಸಬೇಕು, ನೆಲಕ್ಕೆ ಸ್ವಲ್ಪ ನೀರು ಚಿಮುಕಿಸಿದರೆ ಧೂಳು ಏಳುವುದಿಲ್ಲ. 20ರಿಂದ 25 ಡಿಗ್ರಿಯ ಹವೆ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಮೈಸೂರಿನವರಿಗೆ, ಬೆಂಗಳೂರಿನವರಿಗೆ ಇದು ವರ್ಷದ ಬಹುಪಾಲು ಬೆಳಗ್ಗೆ ಸಿಗುತ್ತದೆ. ಕಲಬುರಗಿಯ ಮೇ ತಿಂಗಳಲ್ಲಿ ಫಿಲ್ಮ್ ಮೆತ್ತಗಾಗಿ, ಅಂಟು ಮುಟ್ಟಿದಲ್ಲೇ ಹಿಡಿದುಬಿಡುತ್ತದೆ. ಅಲ್ಲಿನವರು ಬೆಳಕು ಹರಿಯುವ ಹೊತ್ತಿಗೇ ಕೂರುವುದು ಒಳ್ಳೆಯದು. ಪ್ಯಾನೆಲ್‌ಗಿಂತ ಸುತ್ತಲೂ ಎರಡು ಮೂರು ಇಂಚು ದೊಡ್ಡದಾಗಿ ಫಿಲ್ಮ್ ಕತ್ತರಿಸಿ, ಹಿಂದಿನ ಕಾಗದ ತೆಗೆದು, ಎಳೆಯದೆ ಮೇಲೆ ಹಾಸಬೇಕು. ಒಳ್ಳೆಯ ಫಿಲ್ಮುಗಳ ಅಂಟಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಾಲುವೆಗಳಿರುತ್ತವೆ. ನಡುವಿನಿಂದ ಹೊರಕ್ಕೆ ಸ್ಕ್ವೀಜಿ (ಒತ್ತಿ ಸವರುವ ಚಪ್ಪಟೆ ಪಟ್ಟಿ) ಎಳೆದರೆ ಗಾಳಿ ಅವುಗಳ ಮೂಲಕ ಹೊರಗೆ ಹೋಗುತ್ತದೆ. ಸ್ಕ್ವೀಜಿಯ ತುದಿಗೆ ಮೆತ್ತನೆಯ ಬಟ್ಟೆಯ ಅಂಚು ಇರಬೇಕು, ಇಲ್ಲದಿದ್ದರೆ ಸ್ಯಾಟಿನ್ ಮೇಲೆ ಗೀರು ಬೀಳುತ್ತದೆ.

ಸಮತಟ್ಟಾದ ಜಾಗ ಐದು ನಿಮಿಷದ ಕೆಲಸ. ತಗ್ಗು ಮತ್ತು ಮೂಲೆಗಳಲ್ಲೇ ವಿದ್ಯೆ ಇರುವುದು. ನಮ್ಮ ಬೀದಿ ಕೊನೆಯ ರೇಡಿಯಂ ಅಂಗಡಿಯಲ್ಲಿ ಕೂತು ನೋಡಿ ಕಲಿತ ಒಂದು ಮಾತನ್ನು ಇಲ್ಲಿ ಬರೆಯಲೇಬೇಕು. ಅಲ್ಲಿನ ಹುಡುಗ ಸ್ಕೂಟರಿನ ಮಡ್‌ಗಾರ್ಡ್ ಹೊದಿಸುತ್ತಿದ್ದ. ‘ಎಳೀಬೇಡಿ ಸಾರ್. ಬಿಸಿ ತೋರ್ಸಿ, ಅದೇ ಬರುತ್ತೆ’ ಎಂದ. ಇಷ್ಟು ಚಿಕ್ಕ ಮಾತಿನಲ್ಲಿ ಇಡೀ ಕೆಲಸ ಇದೆ. ತಣ್ಣಗಿರುವ ಫಿಲ್ಮನ್ನು ಎಳೆದು ತಗ್ಗಿಗೆ ತುಂಬಿದರೆ ಅದು ಮರುದಿನವೇ ಸೇತುವೆಯಂತೆ ಮೇಲೆದ್ದು ನಿಲ್ಲುತ್ತದೆ. ಸ್ವಲ್ಪ ಬಿಸಿ ಕೊಟ್ಟು, ಮೊದಲು ತಗ್ಗಿನ ತಳವನ್ನು ಬೆರಳಿನಿಂದ ಕೂರಿಸಿ, ಆಮೇಲೆ ಗೋಡೆಗಳನ್ನು ಹತ್ತಬೇಕು. ಹೊರ ಮೂಲೆಗಳಲ್ಲಿ ಫಿಲ್ಮ್ ಜಾಸ್ತಿಯಾಗಿ ನೆರಿಗೆ ಬೀಳುತ್ತದೆ. ಎರಡೂ ಕಡೆಯ ನೆರಿಗೆಗಳ ನಡುವೆ ಹಿಡಿದು, ಬಿಸಿ ತೋರಿಸಿ, ಮೂಲೆಯ ದಿಕ್ಕಿಗೇ ಓರೆಯಾಗಿ ಎಳೆದರೆ ನೆರಿಗೆಗಳು ಒಂದಾಗಿ ಮಾಯವಾಗುತ್ತವೆ. ಆ ಕ್ಷಣ ನೋಡುವುದಕ್ಕೆ ಬಹಳ ಚೆಂದ. ತಗ್ಗು ತೀರಾ ಆಳ ಇದ್ದರೆ ಹಟ ಬೇಡ. ತಳಕ್ಕೆ ಒಂದು ಚೂರು, ಮೇಲಿನಿಂದ ಇನ್ನೊಂದು ಚೂರು ಅಂತ ಎರಡು ತುಂಡಿನಲ್ಲಿ ಮಾಡುವುದು ತಪ್ಪಲ್ಲ. ಬುದ್ಧಿವಂತರು ಹಾಗೇ ಮಾಡುತ್ತಾರೆ.

ಹಿಂಬದಿಗೆ ಮಡಚಲು ಕಾಲು ಇಂಚಿನಷ್ಟು ಅಂಚು ಬಿಟ್ಟು ಉಳಿದದ್ದನ್ನು ಕತ್ತರಿಸಬೇಕು. ಬ್ಲೇಡ್ ಹೊಸದಾಗಿರಲಿ. ಮೊಂಡು ಬ್ಲೇಡ್ ಫಿಲ್ಮನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಕ್ಲಿಪ್ ಕೂರುವ ಜಾಗದಲ್ಲಿ ಮಡಿಕೆ ದಪ್ಪವಾದರೆ ಪ್ಯಾನೆಲ್ ವಾಪಸ್ ಕೂರುವುದಿಲ್ಲ, ಅಲ್ಲಿ ಫಿಲ್ಮನ್ನು ಇನ್ನಷ್ಟು ತೆಗೆಯಬೇಕು.

ಕೊನೆಯ ಹಂತವನ್ನು ಹಲವರು ಬಿಟ್ಟುಬಿಡುತ್ತಾರೆ. ಅದೇ ಎಲ್ಲಕ್ಕಿಂತ ಮುಖ್ಯ. ಎಲ್ಲೆಲ್ಲಿ ಫಿಲ್ಮನ್ನು ಹಿಗ್ಗಿಸಿದ್ದೇವೋ ಅಲ್ಲಿ ಅದನ್ನು 95ರಿಂದ 100 ಡಿಗ್ರಿವರೆಗೆ ಕಾಯಿಸಬೇಕು. ಆಗ ಒಳಗಿನ ಎಳೆತ ಸಡಿಲವಾಗಿ, ಹೊಸ ಆಕಾರವೇ ಅದರ ಆಕಾರವಾಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ಮುಟ್ಟುವುದು ಅಪರೂಪವಲ್ಲ. ನಾವು ಮೊದಲೇ ಅದಕ್ಕಿಂತ ಹೆಚ್ಚು ಬಿಸಿ ತೋರಿಸದಿದ್ದರೆ, ಮೊದಲ ಬೇಸಿಗೆಯ ಬಿಸಿಲೇ ಅದನ್ನು ಹಳೆಯ ಆಕಾರಕ್ಕೆ ಎಳೆಯುತ್ತದೆ. ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಎಬಿಎಸ್ ಮೆತ್ತಗಾಗುವುದು ಸುಮಾರು 105 ಡಿಗ್ರಿಯಲ್ಲಿ. ಎರಡರ ನಡುವೆ ಇರುವ ಅಂತರ ಬಹಳ ಕಡಿಮೆ. ಫಿಲ್ಮ್ ತೆಳ್ಳಗಿರುವುದರಿಂದ ಬೇಗ ಕಾಯುತ್ತದೆ, ಪ್ಲಾಸ್ಟಿಕ್ ನಿಧಾನಕ್ಕೆ. ಬಿಸಿಗಾಳಿ ಊದುವ ಹೀಟ್ ಗನ್ನನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಇದ್ದರೆ ಆ ನಿಧಾನವೇ ನಮ್ಮನ್ನು ಕಾಯುತ್ತದೆ. ದೂರದಿಂದ ಉಷ್ಣತೆ ಅಳೆಯುವ ಥರ್ಮಾಮೀಟರ್ ಕೋವಿಡ್ ಕಾಲದಲ್ಲಿ ಹಲವರ ಮನೆಗೆ ಬಂದಿದೆ. ಅದು ಮೈಯ ಶಾಖಕ್ಕೆ ಮಾತ್ರ, ಈ ಕೆಲಸಕ್ಕೆ ಬರುವುದಿಲ್ಲ. ವರ್ಕ್‌ಶಾಪಿನಲ್ಲಿ ಬಳಸುವ ಇನ್‌ಫ್ರಾರೆಡ್ ಗನ್ ಬೇಕು. ಹೇರ್ ಡ್ರೈಯರ್ ಅಂಟಿಸುವಾಗ ಸಾಕು, ಈ ಕೊನೆಯ ಹಂತಕ್ಕೆ ಅದರ ಶಾಖ ಸಾಲುವುದಿಲ್ಲ.

ಆಮೇಲೆ ಪ್ಯಾನೆಲ್‌ಗಳನ್ನು ಒಂದು ದಿನ ಹಾಗೇ ಬಿಡಬೇಕು. ಈ ಅಂಟು ಒತ್ತಿದ ಕೂಡಲೇ ಪೂರ್ತಿ ಹಿಡಿಯುವುದಿಲ್ಲ, ಗಂಟೆಗಳು ಕಳೆದಂತೆ ಮೇಲ್ಮೈಯ ಸಣ್ಣ ಏರಿಳಿತಗಳಿಗೆ ಹರಿದು ಗಟ್ಟಿಯಾಗುತ್ತದೆ. ಅಂಗಡಿಯ ಎರಡು ಗಂಟೆಯಲ್ಲಿ ಈ ಒಂದು ದಿನಕ್ಕೆ ಜಾಗ ಎಲ್ಲಿ? ಮರುದಿನ ಎಲ್ಲ ಅಂಚುಗಳನ್ನೂ ಮತ್ತೊಮ್ಮೆ ಒತ್ತಿ ನೋಡಿ ಕಾರಿಗೆ ಕೂರಿಸಿದೆ.

ಕೆಲಸ ಮುಗಿದ ಮೇಲೆ ಬದಲಾಗಿದ್ದು ಕಾರಿನ ನೋಟ ಮಾತ್ರವಲ್ಲ, ನಾನು ಅದನ್ನು ಮುಟ್ಟುವ ರೀತಿ ಕೂಡ. ಬಾಗಿಲಿನ ಪಟ್ಟಿಯ ಹಿಂದೆ ಎಷ್ಟು ಕ್ಲಿಪ್‌ಗಳಿವೆ, ಯಾವುದು ಬಿಗಿ, ಯಾವುದು ಸಡಿಲ ಅಂತ ಈಗ ಗೊತ್ತು. ಎಷ್ಟೋ ದಿನದಿಂದ ಕಿರಿಕಿರಿ ಮಾಡುತ್ತಿದ್ದ ಒಂದು ಸದ್ದು ಗ್ಲೋವ್ ಬಾಕ್ಸ್ ಪಟ್ಟಿಯ ಹಿಂದಿನ ಸಡಿಲ ವೈರಿನದು ಅಂತ ತಿಳಿದು, ಅದಕ್ಕೆ ಫೆಲ್ಟ್ ಟೇಪ್ ಸುತ್ತಿದೆ. ಹೊಸ ಕಾರು ತಗೊಳ್ಳುವ ಮಾತು ಮನೆಯಲ್ಲಿ ನಡೆಯುತ್ತಿತ್ತು. ಈಗ ಯಾರೂ ಅದನ್ನು ಎತ್ತುತ್ತಿಲ್ಲ. ಒಂದು ಮೀಟರ್ ಫಿಲ್ಮ್‌ಗೆ ಅಷ್ಟು ಶಕ್ತಿ ಇದೆ ಅಂತ ನಾನು ಹೇಳುವುದಿಲ್ಲ. ಆದರೆ ಕಾರು ಹಳೆಯದಾಯಿತು ಎಂದು ನಮಗೆ ಅನ್ನಿಸುವುದು ಎಷ್ಟೋ ಸಲ ಇಂಜಿನ್‌ನಿಂದಲ್ಲ, ಕೈ ತಾಗುವ ಈ ನಾಲ್ಕಾರು ಜಾಗಗಳಿಂದ. ಚೆನ್ನಾಗಿ ಓಡುವ ಕಾರನ್ನು ಅಷ್ಟಕ್ಕೇ ಮಾರಿಬಿಡುವುದು ನನಗೆ ಸರಿ ಕಾಣುವುದಿಲ್ಲ.

ಆರೈಕೆ ಹೆಚ್ಚೇನಿಲ್ಲ. ಒದ್ದೆ ಮೈಕ್ರೋಫೈಬರ್ ಬಟ್ಟೆ, ಬೇಕಾದರೆ ಒಂದು ಹನಿ ಸೋಪು. ಸರ್ವೀಸಿಗೆ ಬಿಡುವಾಗ ಒಳಗೆ ಪಾಲಿಶ್ ಹೊಡೆಯಬೇಡಿ ಅಂತ ಜಾಬ್ ಕಾರ್ಡಿನಲ್ಲೇ ಬರೆಸುತ್ತೇನೆ. ಮುಂದೆ ಫಿಲ್ಮ್ ತೆಗೆಯಬೇಕೆನಿಸಿದಾಗ ಮತ್ತೆ ಬಿಸಿ ತೋರಿಸಿ, ಮೇಲಕ್ಕೆ ಎತ್ತದೆ ಪ್ಯಾನೆಲ್‌ಗೆ ಸಮಾನಾಂತರವಾಗಿ ಹಿಂದಕ್ಕೆ ಮಡಚಿದಂತೆ ನಿಧಾನಕ್ಕೆ ಎಳೆಯಬೇಕು. ಅಂಟು ಉಳಿದರೆ ಅದಕ್ಕೂ ಐಪಿಎಯೇ.

ಉಳಿದ ಫಿಲ್ಮನ್ನು ಮಡಚದೆ ಸುರುಳಿ ಸುತ್ತಿ ಬೀರುವಿನ ಮೇಲೆ ಇಟ್ಟಿದ್ದೇನೆ. ಮಡಚಿದರೆ ಆ ಗೆರೆ ಹೋಗುವುದಿಲ್ಲ. ಮಳೆಗಾಲ ಮುಗಿದು ಹವೆಯ ತೇವ ಇಳಿದ ಮೇಲೆ ಅಕ್ಕ ಕಾರು ತಗೊಂಡು ಬರುತ್ತಾಳಂತೆ. ಅವಳ ಬಾಗಿಲಿನ ಪಟ್ಟಿಗಳ ಅಳತೆಯನ್ನು ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಂಡು ನೋಡಿದೆ. ನಾಲ್ಕಕ್ಕೂ ಫಿಲ್ಮ್ ಸಾಲುತ್ತದೆ. ಐಪಿಎ ಮಾತ್ರ ಇನ್ನೊಂದು ಲೀಟರ್ ತರಬೇಕು.